ಅರಿವಳಿದವರ ಶುಶ್ರೂಷೆ

ಅರಿವು ಮರಳಲಾರದ ರೋಗಿಯ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯೇ ಸರಿ ಎಂದು ಕೆಲವು ಮಹಾಶಯರು ವಾದಿಸುವರು. ಇವರಲ್ಲಿ ಎಷ್ಟು ಮಂದಿ ಅಂಥವರ ಹಾಸಿಗೆಯ ಬಳಿ ಒಂದು ರಾತ್ರಿಯಾದರೂ ಕುಳಿತಿದ್ದಾರು?

ಹೊನ್ನಾವರ ಸೀಮೆಯ ಹಳದೀಪುರದ ದಾದಿ ಅರುಣಾ ಶಾನಭಾಗರು 1973ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹಲ್ಲೆಗೀಡಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಮಲಗಿದ್ದರು. ಅವರಿಗೆ ಆಹಾರವೂಡುವುದನ್ನು ನಿಲ್ಲಿಸಬೇಕೆಂಬ ಬಿನ್ನಹವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಳ್ಳಿಹಾಕಿತು. ಬೇಡವೆಂದವರು ಆಸ್ಪತ್ರೆಯ ದಾದಿಯರು. ಅವರಿಗೆ ಆ ಅಧಿಕಾರವುಂಟು. ದಶಕಗಳ ಕಾಲ ಆ ದೇಹವನ್ನು ತೊಳೆದು ಉಣಿಸಿದವರು ಅವರೇ.

ಕೊರಟಗೆರೆಯ ಮನೆಯೊಂದಕ್ಕೆ ಅಷ್ಟು ಕೈಗಳೆಲ್ಲಿಂದ ಬರಬೇಕು? ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸದಿದ್ದರೆ ಬೆನ್ನು ಹುಣ್ಣಾಗುವುದು. ಹೊರಳಿಸತಕ್ಕವಳು ಸೊಸೆ; ಧರ್ಮ ಹೇಳತಕ್ಕವರು ನೆಂಟರು!

ವಿಷವಿಕ್ಕುವುದನ್ನು ಕಾನೂನು ಇಂದಿಗೂ ಒಪ್ಪದು. ಆದರೆ 2018ರ ತೀರ್ಪು, ಅದನ್ನು ಸುಲಭಗೊಳಿಸಿದ 2023ರ ಆಜ್ಞೆ, ಇವುಗಳಂತೆ ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದ ಮುನ್ನಿಚ್ಛೆಯ ಪತ್ರಕ್ಕೆ ಬೆಲೆಯುಂಟು. ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು. ಕರ್ನಾಟಕ ಸರಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಸುತ್ತೋಲೆಯು ಮಗ್ಗುಲು ಹೊರಳಿಸುವುದೆ? ಮೊದಲು ಮನೆಬಾಗಿಲಿಗೆ ದಾದಿಯನ್ನು ಕಳುಹಿಸಲಿ. ಹಿರಿಯರು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ತಮ್ಮ ಇಚ್ಛೆಯನ್ನು ಬರೆದಿಡಲಿ. ಶುಶ್ರೂಷೆಗೆ ಬಾರದ ನೆಂಟರ ಮಾತನ್ನು ಆಮೇಲೆ ಕೇಳಿದರಾಯಿತು.