ಯಾದಗಿರಿ ಮರುಭೂಮಿ ಆಗುತ್ತಿದೆಯೇ? ಬಿಸಿ ಮತ್ತು ಶೀತ ಮರುಭೂಮಿಗಳನ್ನು ನೋಡಿ ಹೇಳೋಣ

ಏಪ್ರಿಲ್, ಮೇ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ‘ನಮ್ಮ ಜಿಲ್ಲೆ ಮರುಭೂಮಿ ಆಗುತ್ತಿದೆ’ ಎನ್ನುವಂಥ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದು ಸುಲಭ. ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ನಿಲ್ಲಿ. ಈ ಮಾತಿನಲ್ಲಿ ಒಂದು ತಪ್ಪಿದೆ, ಒಂದು ಅರ್ಧಸತ್ಯವೂ ಇದೆ.

ಮೊದಲು ತಪ್ಪು. ಬಿಸಿಲು ಹೆಚ್ಚಾದ ಮಾತ್ರಕ್ಕೆ ಮರುಭೂಮಿ ಆಗುವುದಿಲ್ಲ, ಮಳೆ ಇಲ್ಲದಿದ್ದರೆ ಆಗುತ್ತದೆ. ವರ್ಷಕ್ಕೆ ಸುಮಾರು 250 ಮಿ.ಮೀ.ಗಿಂತ ಕಡಿಮೆ ಮಳೆ ಅಥವಾ ಹಿಮ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಹಾಗಾಗಿ ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಹಿಮ ತುಂಬಿದ ಅಂಟಾರ್ಕ್ಟಿಕಾ. ‘ಮರಳುಗಾಡು’ ಎಂಬ ನಮ್ಮ ಪದವೇ ಕೊಂಚ ದಾರಿ ತಪ್ಪಿಸುತ್ತದೆ ಅನ್ನಿ. ಸಹಾರಾದಲ್ಲೇ ಮರಳು ಹರಡಿರುವುದು ಕಾಲು ಭಾಗದಷ್ಟು, ಉಳಿದದ್ದು ಹೆಚ್ಚಾಗಿ ಕಲ್ಲು, ಜಲ್ಲಿ, ಬೋಳುಗುಡ್ಡ.

ನಮ್ಮ ದೇಶದಲ್ಲಿ ಎರಡೂ ಬಗೆಯ ಮರುಭೂಮಿಗಳಿವೆ. ರಾಜಸ್ಥಾನದ ಥಾರ್ ಬಿಸಿ ಮರುಭೂಮಿ, ಲಡಾಖ್ ಶೀತ ಮರುಭೂಮಿ. ಸಹಾರಾ, ಥಾರ್‌ನಂಥ ಕಡೆ ಮೇಲಿನ ಗಾಳಿ ಕೆಳಗಿಳಿದು ಬಿಸಿಯಾಗುವುದರಿಂದ ಮೋಡ ಕಟ್ಟುವುದು ಕಷ್ಟ. ಬಿದ್ದ ನೀರೂ ಬೇಗ ಆವಿಯಾಗುತ್ತದೆ. ಒಣಗಾಳಿ ಶಾಖವನ್ನು ಹಿಡಿದಿಡದ ಕಾರಣ ರಾತ್ರಿ ತಣ್ಣಗಾಗುತ್ತದೆ. ಲಡಾಖ್‌ನ ಕಥೆ ಬೇರೆ. ಅಲ್ಲಿ ಹಿಮಾಲಯವೇ ಮಳೆಮೋಡವನ್ನು ತಡೆಯುತ್ತದೆ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಬೆಟ್ಟದ ಹಿಮ ಕರಗಿದ ನೀರು ಸಿಗುವುದರಿಂದ ರೈತರು ಬಾರ್ಲಿ, ಏಪ್ರಿಕಾಟ್ ಬೆಳೆಯುತ್ತಾರೆ. ಥಾರ್‌ನ ಹೆಚ್ಚಿನ ಸಜ್ಜೆ ಬೆಳೆಗಾರರಿಗೆ ಆ ಭಾಗ್ಯವಿಲ್ಲ, ಅವರು ಮಳೆಯನ್ನೇ ಕಾಯಬೇಕು.

ಬೆಟ್ಟ ಮೋಡ ತಡೆಯುವ ಈ ಆಟ ನಮಗೂ ಹೊಸದಲ್ಲ. ಪಶ್ಚಿಮ ಘಟ್ಟ ಮಳೆಯ ದೊಡ್ಡ ಪಾಲನ್ನು ಅಲ್ಲೇ ಇಳಿಸಿಕೊಳ್ಳುತ್ತದೆ, ಯಾದಗಿರಿಯಂಥ ಬಯಲುಸೀಮೆಗೆ ಉಳಿದದ್ದು ಬರುತ್ತದೆ. ಆದರೂ ಇಲ್ಲಿನ ವಾಡಿಕೆ ಮಳೆ ಮರುಭೂಮಿಯ ಮಿತಿಯ ದುಪ್ಪಟ್ಟಿಗಿಂತ ಹೆಚ್ಚು. ಭೀಮಾ, ಕೃಷ್ಣೆ ಹರಿಯುತ್ತವೆ. ಕಪ್ಪು ಮಣ್ಣಿನಲ್ಲಿ ತೊಗರಿ, ಜೋಳ, ಹತ್ತಿ ಬೆಳೆಯುತ್ತವೆ. ಹೀಗಾಗಿ ಇದು ಅರೆಶುಷ್ಕ ಪ್ರದೇಶ. ಬಿಸಿ ಮರುಭೂಮಿಯೂ ಅಲ್ಲ, ಶೀತ ಮರುಭೂಮಿಯಂತೂ ಅಲ್ಲವೇ ಅಲ್ಲ.

ಇನ್ನು ಅರ್ಧಸತ್ಯ. ‘ಮರುಭೂಮೀಕರಣ’ ಎಂಬ ಪದ ಸರ್ಕಾರಿ ವರದಿಗಳಲ್ಲಿ ಬರುತ್ತದೆ. ಇದರರ್ಥ ಮರಳು ನಡೆದು ಬರುವುದಲ್ಲ, ಒಣಪ್ರದೇಶಗಳ ಮಣ್ಣು ಫಲವತ್ತತೆ ಕಳೆದುಕೊಳ್ಳುವುದು. ಇಸ್ರೋ 2016ರಲ್ಲಿ ಪ್ರಕಟಿಸಿದ ನಕ್ಷೆಗಳ ಪ್ರಕಾರ ದೇಶದ ಸುಮಾರು 29% ಭೂಮಿ ಹೀಗೆ ಸೊರಗಿದೆ.

ವಿಚಿತ್ರವೆಂದರೆ ಶಹಾಪುರ, ಸುರಪುರದ ಕಡೆ ಇದಕ್ಕೆ ದೊಡ್ಡ ಕಾರಣ ನೀರಿನ ಕೊರತೆಯಲ್ಲ, ನೀರು ಹೆಚ್ಚಾಗಿರುವುದು. ನಾರಾಯಣಪುರ ಜಲಾಶಯದ ಕಾಲುವೆಗಳನ್ನು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗೆ, ಆದರೆ ಬೆಳೆದದ್ದು ಭತ್ತ. ಕಪ್ಪು ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ರೈತರು ಸವಳು-ಜವಳು ಎನ್ನುವುದು ಇದನ್ನೇ. ಹೊಲದಲ್ಲಿ ಬೇಸಿಗೆಗೆ ಬಿಳಿ ಪದರ ಕಂಡರೆ ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ವಿದ್ಯುತ್ ವಾಹಕತೆ 4 ದಾಟಿದ್ದರೆ ಅದು ಸವಳು ಮಣ್ಣು. ಬಸಿಗಾಲುವೆ ತೆಗೆದು ಉಪ್ಪನ್ನು ಹೊರಗೆ ಹರಿಸಿದರೆ ಇಂಥ ಹೊಲ ಮತ್ತೆ ಬೆಳೆಗೆ ಬರುತ್ತದೆ.