ನೀರಿನ ಚೀಲವೂ ಅದರ ಒಡೆಯನ ಕೋವಿಯೂ



ಒಂದು ವಸ್ತುವು ತಾನು ನಿರ್ದೋಷವಾಗಿದ್ದು, ಅದರ ಒಡೆಯನು ಮತ್ತೊಂದೆಡೆ ಕೋವಿ ಮಾರುವವನಾಗಿದ್ದರೆ ಅದನ್ನು ಕೊಳ್ಳುವುದು ಉಚಿತವೇ? ನಮ್ಮೂರ ಅಂಗಡಿಯಲ್ಲಿ ಏಳುವ ಪ್ರಶ್ನೆ ಇದಲ್ಲ. ಅಮೆರಿಕದಲ್ಲಿ ಮಾತ್ರ 2018ರಲ್ಲಿ ಇದು ಬಲವಾಗಿಯೇ ಎದ್ದಿತು.

ಆ ವರ್ಷದ ಫೆಬ್ರವರಿ 14ರಂದು ಫ್ಲೋರಿಡಾ ರಾಜ್ಯದ ಪಾರ್ಕ್‌ಲ್ಯಾಂಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಒಬ್ಬ ಯುವಕನು ಗುಂಡು ಹಾರಿಸಿ 17 ಮಂದಿಯನ್ನು ಕೊಂದನು. ಅವರಲ್ಲಿ 14 ಮಂದಿ ವಿದ್ಯಾರ್ಥಿಗಳು. ದಿನವೂ ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗುವ ನನ್ನಂಥವನಿಗೆ ಅದು ಬರಿಯ ಸಂಖ್ಯೆಯಾಗಿ ಕಾಣುವುದಿಲ್ಲ.

ಮಾರ್ಚ್ ತಿಂಗಳ ಮೊದಲಲ್ಲಿಯೇ ಎರಡು ಸಂಸ್ಥೆಗಳು ಒಂದು ನಿರ್ಧಾರವನ್ನು ಕೈಗೊಂಡವು. 1938ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಆರ್‌ಇಐ ಒಂದು. 1971ರಲ್ಲಿ ಹುಟ್ಟಿದ ಕೆನಡಾದ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್ ಮತ್ತೊಂದು. ಆಗ ಎರಡೂ ನಮ್ಮ ಹಾಲಿನ ಸೊಸೈಟಿಯಂತೆ ಸದಸ್ಯರದೇ ಸಹಕಾರಿ ಸಂಘಗಳಾಗಿದ್ದವು. ಸದಸ್ಯರು ಕೇಳಿದರೆ ಆಡಳಿತ ಮಂಡಳಿ ಕಿವಿಗೊಡಲೇಬೇಕಿತ್ತು. ಅವು ಮಾರುತ್ತಿದ್ದುದು ಚಾರಣಿಗರ ಹಾಗೂ ಸೈಕಲ್ ಸವಾರರ ಸಾಮಗ್ರಿಗಳನ್ನು. ಅವುಗಳಲ್ಲಿ ಕ್ಯಾಮೆಲ್‌ಬ್ಯಾಕ್ ಎಂಬ ನೀರಿನ ಚೀಲವೂ ಉಂಟು. ಆ ಚೀಲದ ಒಡೆತನ ವಿಸ್ಟಾ ಔಟ್‌ಡೋರ್ ಎಂಬ ಕಂಪೆನಿಯದಾಗಿತ್ತು. ಅದೇ ಕಂಪೆನಿಗೆ ಸ್ಯಾವೇಜ್ ಕೋವಿಗಳೂ ಫೆಡರಲ್ ಕಾಡತೂಸುಗಳೂ ಸೇರಿದ್ದವು. ಆದುದರಿಂದ ವಿಸ್ಟಾದಿಂದ ಹೊಸ ಸರಕನ್ನು ತರಿಸುವುದನ್ನು ನಿಲ್ಲಿಸಿದರು.

ಇಲ್ಲಿಯೇ ತೊಡಕು. ಆ ಶಾಲೆಯಲ್ಲಿ ಬಳಕೆಯಾದ ಬಂದೂಕು ವಿಸ್ಟಾದ್ದಲ್ಲ, ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯದು. ಇನ್ನು ಆ ನೀರಿನ ಚೀಲದ ಹುಟ್ಟನ್ನು ಕೇಳಿ. ಟೆಕ್ಸಾಸ್‌ನ ಒಂದು ದೀರ್ಘ ಸೈಕಲ್ ಓಟದ ಕಡುಬಿಸಿಲಿನಲ್ಲಿ, ರೋಗಿಗಳ ತುರ್ತು ಚಿಕಿತ್ಸೆಯ ಕೆಲಸದವನೊಬ್ಬನು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಂಥ ಚೀಲದಲ್ಲಿ ನೀರು ತುಂಬಿ, ಕಾಲುಚೀಲದೊಳಗಿಟ್ಟು ಬೆನ್ನಿಗೆ ಕಟ್ಟಿಕೊಂಡನು. ಅದರಿಂದ ಹುಟ್ಟಿದ ಉದ್ಯಮವಿದು. ವಿಸ್ಟಾ ಅದನ್ನು ಕೊಂಡದ್ದು 2015ರಲ್ಲಿ. ಒಡೆಯನನ್ನು ಆರಿಸಿಕೊಳ್ಳುವ ಅಧಿಕಾರವು ಅಲ್ಲಿನ ಕೆಲಸಗಾರರಿಗೆ ಇತ್ತೇ?

ಹಾಗೆಂದು ಬಹಿಷ್ಕಾರವೇ ಅನ್ಯಾಯವೆನ್ನಲಾರೆ. ವಿದೇಶಿ ಬಟ್ಟೆಯನ್ನು ತೊರೆದ ನಾಡು ನಮ್ಮದು. ಆ ಚಳವಳಿಯಿಂದಲೂ ಲ್ಯಾಂಕಶೈರಿನ ಗಿರಣಿ ಕೆಲಸಗಾರರು ನೊಂದರು. 1931ರಲ್ಲಿ ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋದವರು ಡಾರ್ವೆನ್ ಪಟ್ಟಣದವರೆಗೂ ತೆರಳಿ ಆ ಕೆಲಸಗಾರರನ್ನೇ ಭೇಟಿಯಾದರು. ಚಳವಳಿಯನ್ನು ಕೈಬಿಡಲಿಲ್ಲ, ಅದರಿಂದ ನೊಂದವರಿಗೆ ಮುಖ ತಪ್ಪಿಸಲೂ ಇಲ್ಲ. ಅಂಗಡಿಯಲ್ಲಿ ಒಂದು ಚೀಲವನ್ನು ಬಿಟ್ಟು ಮತ್ತೊಂದನ್ನು ಎತ್ತಿಕೊಳ್ಳುವವನಿಗೆ ಈ ಕಷ್ಟವಿಲ್ಲ. ಅಷ್ಟರಮಟ್ಟಿಗೆ ಅವನ ತ್ಯಾಗವೂ ಹಗುರವೆಂದೇ ನನ್ನ ಭಾವನೆ.

ಕೋವಿಯೆಂದೊಡನೆ ಪಾಪವೆನ್ನುವುದೂ ನಮಗೆ ಸಲ್ಲದು. ಕಾಸರಗೋಡು ಸೀಮೆಯ ತೋಟದ ಮನೆಗಳಲ್ಲಿ ಬೆಳೆ ಕಾಯಲು ಪರವಾನಗಿಯ ಕೋವಿ ಇರಿಸಿಕೊಂಡವರಿದ್ದಾರೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸುವ ರಗಳೆಯೂ ಅವರಿಗೆ ಗೊತ್ತು. ಆ ರಗಳೆಯೇ ಬೇಡವೆಂಬ ವ್ಯಾಪಾರಕ್ಕೂ ಈ ಕೋವಿಗೂ ಅಂತರವಿದೆ. ಆದಕಾರಣ ಬಹಿಷ್ಕರಿಸುವವರು ಕೋವಿಯನ್ನೇ ದೂರದೆ, ತಮಗೆ ಬೇಕಾದುದೇನೆಂದು ಬಿಡಿಸಿ ಹೇಳಬೇಕು. ಆರ್‌ಇಐ ಕೇಳಿದ್ದೂ ಬಹುಮಟ್ಟಿಗೆ ಅದನ್ನೇ: ಇಂಥ ದುರಂತಗಳನ್ನು ತಡೆಯಲು ವಿಸ್ಟಾ ಏನು ಮಾಡುವುದೆಂದು ತಿಳಿಸಲಿ, ಎಂದು. ಬೇಡಿಕೆಯಿಲ್ಲದ ಬಹಿಷ್ಕಾರವು ನಮ್ಮ ಹಳ್ಳಿಗಳ ಹಳೆಯ ಜಾತಿ ಬಹಿಷ್ಕಾರದ ಜಾಡನ್ನೇ ಹಿಡಿದೀತು.

ಫಲವೇನಾಯಿತು? ವಿಸ್ಟಾ 2019ರಲ್ಲಿ ಸ್ಯಾವೇಜ್ ಕೋವಿಗಳ ಉದ್ಯಮವನ್ನು ಮಾರಿತು. ಆದರೆ ಕಾಡತೂಸುಗಳನ್ನು ಬಿಡಲಿಲ್ಲ. 2020ರಲ್ಲಿ ದಿವಾಳಿಯೆದ್ದ ರೆಮಿಂಗ್ಟನ್ನಿನ ಕಾಡತೂಸು ವಿಭಾಗವನ್ನೂ ಕೊಂಡಿತು. 2016ರ ಅಧ್ಯಕ್ಷ ಚುನಾವಣೆಯ ಬಳಿಕ ಅಲ್ಲಿ ಕೋವಿಯ ವ್ಯಾಪಾರವೇ ಇಳಿದಿದ್ದುದರಿಂದ, ಆ ಮಾರಾಟದ ಶ್ರೇಯಸ್ಸೆಲ್ಲ ಬಹಿಷ್ಕಾರಕ್ಕೆ ಸಲ್ಲದು. ಕೊನೆಗೆ 2024ರಲ್ಲಿ ಕಾಡತೂಸಿನ ಉದ್ಯಮವು ಝೆಕ್ ದೇಶದ ಶಸ್ತ್ರ ಕಂಪೆನಿಯೊಂದರ ಪಾಲಾಯಿತು. 2025ರ ಜನವರಿಯಲ್ಲಿ ನೀರಿನ ಚೀಲವು ಒಂದು ಹೂಡಿಕೆ ಸಂಸ್ಥೆಯ ಕೈಸೇರಿತು. ಅಂದು ಚೀಲವನ್ನು ತೊರೆದವನು ಈಗ ಅದನ್ನು ನಿಶ್ಚಿಂತೆಯಿಂದ ಕೊಳ್ಳಬಹುದೇನೋ. ಸ್ಯಾವೇಜ್ ಕೋವಿಗಳು ಮಾತ್ರ ಬೇರೆ ಒಡೆಯರ ಕೈಯಲ್ಲಿ ಮೊದಲಿನಂತೆಯೇ ತಯಾರಾಗುತ್ತಿವೆ.