ನಕ್ಷೆಯಲ್ಲಿ ನಮ್ಮ ಓಣಿ ಎಲ್ಲಿದೆ?

ಸಂಘದ ಸೋದರಿಯರೇ,

ಮೂವತ್ತು ವರ್ಷ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಕರಿಹಲಗೆಯ ಮೇಲೆ ಭಾರತದ ನಕ್ಷೆ ಬರೆದು ಹಿಮಾಲಯ, ಗಂಗೆ, ಕಲ್ಲಿದ್ದಲ ಗಣಿ ಎಲ್ಲವನ್ನೂ ಗುರುತಿಸುತ್ತಿದ್ದೆ. ಆದರೆ ನನ್ನ ಮನೆಯಿಂದ ಎರಡು ಫರ್ಲಾಂಗು ದೂರದ ಓಣಿಯೊಂದು ನಕ್ಷೆಯಲ್ಲೇ ಇಲ್ಲವೆಂದು ತಿಳಿದದ್ದು ನಿವೃತ್ತಳಾದ ಮೇಲೆ, ಒಂದು ರಾತ್ರಿ.

ಆ ಓಣಿಯ ಹುಡುಗಿಗೆ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ತವರಿನಿಂದ ಬೈಕಿನ ಹಣ ತರಲಿಲ್ಲವೆಂದು ಗಂಡ ತಲೆ ಒಡೆದಿದ್ದ. ಪಕ್ಕದ ಮನೆಯಾಕೆ ನನಗೆ ಫೋನ್ ಮಾಡಿದಳು. ನಾನು ಸಹಾಯದ ವಾಹನ ಕರೆಸಿದೆ. ವಾಹನ ಬೇಗನೆ ಬಂತು, ಆದರೆ ದೊಡ್ಡ ರಸ್ತೆಯಲ್ಲೇ ನಿಂತುಬಿಟ್ಟಿತು. ಚಾಲಕನ ಫೋನಿನ ನಕ್ಷೆಯಲ್ಲಿ ಕಲ್ಯಾಣ ಮಂಟಪವಿತ್ತು, ಬಂಗಾರದ ಅಂಗಡಿಯಿತ್ತು. ಓಣಿ ಇರಬೇಕಾದಲ್ಲಿ ಬರೀ ಖಾಲಿ ಜಾಗ. ಹುಡುಗಿ ಬದುಕಿಕೊಂಡಳು. ಆದರೆ ಕಾಯುತ್ತ ಕಳೆದ ಆ ನಲವತ್ತು ನಿಮಿಷವನ್ನು ನಾನು ಮರೆತಿಲ್ಲ.

ವರದಕ್ಷಿಣೆಯ ಮದುವೆ ನಡೆಯುವ ಜಾಗ ನಕ್ಷೆಯಲ್ಲಿದೆ, ಅದರ ಬಂಗಾರ ಕೊಳ್ಳುವ ಜಾಗವಿದೆ, ಆ ಮದುವೆಯಾದ ಹೆಣ್ಣು ಏಟು ತಿನ್ನುವ ಜಾಗ ಮಾತ್ರ ಇಲ್ಲ. ಇದು ಆಕಸ್ಮಿಕವೇ? ಅಲ್ಲ. ನಕ್ಷೆ ಬರೆಯುವವರು ತಮಗೆ ಬೇಕಾದದ್ದನ್ನು ಬರೆಯುತ್ತಾರೆ. ವ್ಯಾಪಾರದ ಕಂಪನಿಗೆ ಬೇಕಾದದ್ದು ಕೊಳ್ಳುವವರು ಮತ್ತು ಮಾರುವವರು.

ಆದರೆ ಜನರೇ ಸೇರಿ ಬರೆಯುವ ನಕ್ಷೆಯೂ ಒಂದಿದೆ. ಅದರ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದರು. ಅಂತರಜಾಲದಲ್ಲಿರುವ ಈ ನಕ್ಷೆಗೆ ಯಾರು ಬೇಕಾದರೂ ತಮ್ಮ ಊರಿನ ದಾರಿ, ನಲ್ಲಿ, ಶಾಲೆಗಳನ್ನು ಸೇರಿಸಬಹುದು. ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಬಳಸಲು ಹಣ ಕೊಡಬೇಕಿಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ದೂರದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ಕೆಲವೇ ದಿನಗಳಲ್ಲಿ ಅಲ್ಲಿಯ ರಾಜಧಾನಿಯ ಬೀದಿಗಳನ್ನು ಬರೆದುಕೊಟ್ಟರು. ಪರಿಹಾರಕ್ಕೆ ಹೋದವರು ಆ ನಕ್ಷೆ ಹಿಡಿದೇ ಓಡಾಡಿದರು.

ಹೆಣ್ಣುಮಕ್ಕಳ ಕೆಲಸಕ್ಕೂ ಇದು ಬಂದಿದೆ. ತಾಂಜಾನಿಯಾದ ಹಳ್ಳಿಗಳನ್ನು ನಕ್ಷೆಗೆ ತರುವ 'ಕ್ರೌಡ್‌ಟುಮ್ಯಾಪ್' ಕೆಲಸ 2015ರಲ್ಲಿ ಶುರುವಾಯಿತು. ಅಲ್ಲಿಯ ಸೆರೆಂಗೆಟಿ ಸೀಮೆಯಲ್ಲಿ ಜನನಾಂಗ ಛೇದನದ ಕ್ರೂರ ಪದ್ಧತಿಗೆ ಹೆದರಿ ಬಾಲೆಯರು ಮನೆ ಬಿಟ್ಟು ಓಡುತ್ತಾರೆ. ಅವರಿರುವ ಹಳ್ಳಿಗೆ ಕಾರ್ಯಕರ್ತೆಯರು ದಾರಿ ಹುಡುಕಿ ತಲುಪಲು ಈ ನಕ್ಷೆ ನೆರವಾಗಿದೆ.

ಹಾಗೆಂದು ಜನರ ನಕ್ಷೆಯೆಲ್ಲ ನಮ್ಮದೇ ಎಂದು ಬೀಗಬೇಕಿಲ್ಲ. ಅದನ್ನು ಬರೆಯುವವರಲ್ಲಿ ಬಹುಪಾಲು ಗಂಡಸರೇ. ಬಾರ್, ಪಬ್, ನೈಟ್‌ಕ್ಲಬ್ಬುಗಳಿಗೆ ಬೇರೆಬೇರೆ ಗುರುತುಗಳಿದ್ದ ಆ ನಕ್ಷೆಯಲ್ಲಿ, ಮಕ್ಕಳ ಪಾಲನಾ ಕೇಂದ್ರಕ್ಕೂ ಒಂದು ಗುರುತು ಬೇಕೆಂಬ ಪ್ರಸ್ತಾಪ 2011ರಲ್ಲಿ ಮತಕ್ಕೆ ಬಂದು ಸೋತಿತು! ಮುಂದೆ ಅಂಗೀಕಾರವಾಯಿತೆನ್ನಿ. ನಾವಿಲ್ಲದ ಕಡೆ ನಮ್ಮ ಅಗತ್ಯವೂ ಕಾಣುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅದಕ್ಕೇ ಒಂದು ಭಾನುವಾರ ಆ ಓಣಿಯ ಸಂಘದ ಆರು ಮಂದಿಯನ್ನು ಕರೆದುಕೊಂಡು ಹೊರಟೆ. ಇದ್ದದ್ದು ಮೂರು ಫೋನು. "ಮೇಡಂ, ಇಂಥಾ ಓಣಿನೂ ನಕ್ಷಾದಾಗ ಬರತೈತೇನ್ರೀ?" ಎಂದು ಒಬ್ಬಾಕೆ ನಕ್ಕಳು. ಸಂಜೆಯ ಹೊತ್ತಿಗೆ ಓಣಿ, ಅಂಗನವಾಡಿ, ರೇಷನ್ ಅಂಗಡಿ, ನಲ್ಲಿ, ಬಸ್ ನಿಲ್ದಾಣಕ್ಕೆ ಹೋಗುವ ಕಾಲುದಾರಿ ಎಲ್ಲ ಸೇರಿದವು. ಕತ್ತಲಾದ ಮೇಲೆ ಮತ್ತೆ ನಡೆದೆವು. ಹನ್ನೊಂದು ದೀಪದ ಕಂಬಗಳಲ್ಲಿ ಉರಿಯುತ್ತಿದ್ದದ್ದು ನಾಲ್ಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನಮಗೆ ಬಸ್ಸು ಉಚಿತವಾಯಿತು, ಆದರೆ ಬಸ್ಸಿಳಿದ ಮೇಲಿನ ಕತ್ತಲು ಹಾಗೇ ಉಳಿದಿತ್ತು. ನಕ್ಷೆಯನ್ನು ಅಚ್ಚು ಹಾಕಿಸಿ ವಾರ್ಡಿನ ಸದಸ್ಯರ ಮುಂದಿಟ್ಟೆವು. ಎರಡು ದೀಪ ಹತ್ತಿವೆ. ಉಳಿದ ಐದಕ್ಕೆ ಇನ್ನೂ ಓಡಾಡುತ್ತಿದ್ದೇವೆ.

ಅಂದು ಒಂದು ತಪ್ಪನ್ನೂ ಮಾಡಲಿದ್ದೆ. ನೊಂದ ಮಹಿಳೆಯರು ತಂಗುವ ಆಶ್ರಯದ ಮನೆಯನ್ನೂ ಗುರುತಿಸೋಣವೆಂದೆ. ಹಿಂದೆ ಅಲ್ಲಿ ಮೂರು ತಿಂಗಳಿದ್ದು ಬಂದಾಕೆ ನನ್ನ ಕೈ ಹಿಡಿದಳು. "ಬ್ಯಾಡ್ರೀ ಮೇಡಂ, ಹುಡುಕ್ಕೊಂಡು ಬರತಾರ." ಎಂ.ಎ. ಓದಿದ ನನಗೆ ಹೊಳೆಯದ್ದು ಆಕೆಗೆ ಗೊತ್ತಿತ್ತು. ಈ ನಕ್ಷೆಯಲ್ಲಿ ಒಮ್ಮೆ ಸೇರಿಸಿದ್ದನ್ನು ಅಳಿಸಿದರೂ ಅದರ ಹಳೆಯ ದಾಖಲೆ ಉಳಿದಿರುತ್ತದೆ.

ಆದ್ದರಿಂದ ಯಾವುದನ್ನು ಬರೆಯಬಾರದು ಎಂಬುದನ್ನೂ ನಾವೇ ತೀರ್ಮಾನಿಸಬೇಕು. ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆ, ಸಖಿ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯ ಕಚೇರಿ ಇವೆಲ್ಲ ಕಾಣಲಿ. ತಪ್ಪಿಸಿಕೊಂಡು ಬಂದ ಹೆಣ್ಣು ಅಡಗಿರುವ ಮನೆ ಕಾಣಬಾರದು. ನೋಂದಾಯಿಸುವಾಗ ನಿಮ್ಮ ನಿಜವಾದ ಹೆಸರು ಕೊಡಬೇಡಿ. ಯಾರು, ಯಾವ ದಿನ, ಎಲ್ಲಿ ಬರೆದರೆಂಬುದು ಎಲ್ಲರಿಗೂ ಕಾಣುತ್ತದೆ. ಮೊದಲ ಗುರುತು ನಿಮ್ಮ ಮನೆಯದೇ ಆಗದಿರಲಿ.

ನಕ್ಷೆಯೊಂದು ಎತ್ತಿದ ಕೈಯನ್ನು ತಡೆಯುವುದಿಲ್ಲ, ಬಲ್ಲೆ. ಎಲ್ಲ ಚಾಲಕರೂ ಇದೇ ನಕ್ಷೆ ನೋಡುವುದಿಲ್ಲ ಎಂಬುದನ್ನೂ ಬಲ್ಲೆ. ಆದರೆ 'ಇದು ಮನೆಯೊಳಗಿನ ವಿಷಯ' ಎಂದು ಹೇಳಿ ನಮ್ಮ ನೋವನ್ನು ಕಾಣದಂತೆ ಮಾಡಿದ್ದು ಸಾಕು. ಕೊನೆಯ ಪಕ್ಷ ನಮ್ಮ ಬೀದಿಯಾದರೂ ಕಾಣಲಿ. ಮುಂದಿನ ವಾರ ಸಂಘದ ಸಭೆ ಮುಗಿದು ಉಳಿತಾಯದ ಲೆಕ್ಕ ಬರೆದಾದ ಮೇಲೆ ಒಂದು ಗಂಟೆ ತೆಗೆದಿಡಿ. ಫೋನ್ ಇರುವವರು ಫೋನ್ ತನ್ನಿ, ಇಲ್ಲದವರು ದಾರಿ ತೋರಿಸಿ. ಓಣಿಯ ಮೂಲೆಮೂಲೆ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?